ಚನ್ನವೀರಪ್ಪನ ಮರಿಮೊಮ್ಮಗಳು

ಹ್ಯೂಸ್ಟನ್ನಿನಲ್ಲಿ ಏರು ಎಂಬುದೇ ಇಲ್ಲ. ಹೆದ್ದಾರಿಯ ಮೇಲ್ಸೇತುವೆಗಳನ್ನು ಬಿಟ್ಟರೆ ಇಡೀ ಊರು ರೊಟ್ಟಿ ತಟ್ಟಿದ ಹಾಗೆ ಮಟ್ಟಸವಾಗಿದೆ. ಅನುಸೂಯಾ ಅವರ ಎಡ ಮೊಣಕಾಲಿಗೆ ಆಪರೇಷನ್ ಆದಾಗ, ದಿನವೂ ನಡೆಯಬೇಕು, ಆದರೆ ಏರಿಳಿತ ಇಲ್ಲದ ಕಡೆ ಮಾತ್ರ ಎಂದು ಡಾಕ್ಟರು ತಾಕೀತು ಮಾಡಿದ್ದರು. ಅದನ್ನು ನಮಗೆ ಹೇಳುತ್ತ ಅವರು ಬಿದ್ದು ಬಿದ್ದು ನಕ್ಕಿದ್ದರು. "ಈ ಊರಾಗ ಏರು ಹುಡುಕಬೇಕಂದ್ರ ಪಾರ್ಕಿಂಗ್ ಗ್ಯಾರೇಜಿಗೆ ಹೋಗಬೇಕ್ರಿ!"

ನಮ್ಮ ಶನಿವಾರದ ನಡಿಗೆಯ ಗುಂಪು ಶುರುವಾದದ್ದೇ ಆ ಮೊಣಕಾಲಿನಿಂದ. ತೈಲ ಕಂಪನಿಗಳ ಕಚೇರಿಗಳಿರುವ ಎನರ್ಜಿ ಕಾರಿಡಾರಿನ ಹಿಂಭಾಗದಲ್ಲಿ ಹಳ್ಳದ ದಂಡೆಗುಂಟ ಹೋಗುವ ಕಾಲುಹಾದಿಯಲ್ಲಿ, ಬೆಳಗಿನ ಏಳು ಗಂಟೆಗೆ, ಎಂಟೊಂಬತ್ತು ಜನ ಸೇರುತ್ತಿದ್ದೆವು. ಅನುಸೂಯಾ ಮುಂದೆ, ನಾವು ಹಿಂದೆ. ಅವರು ಅಲ್ಲೇ ಹತ್ತಿರದ ತೈಲ ಕಂಪನಿಯೊಂದರ ನಕ್ಷೆ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ದುಡಿದವರು. ಹಳೆಯ ಕಾಗದದ ನಕ್ಷೆಗಳನ್ನು ಕಂಪ್ಯೂಟರಿಗೆ ಇಳಿಸುವುದು ಅವರ ಕೆಲಸ. ಅಳಿಸಿಹೋದ ಗೆರೆ, ತಪ್ಪಾಗಿ ಬರೆದ ಊರ ಹೆಸರು, ದಿಕ್ಕು ಬದಲಿಸಿದ ಹೊಳೆ ಇಂಥವನ್ನೆಲ್ಲ ಪತ್ತೆ ಹಚ್ಚುವುದರಲ್ಲಿ ಅವರಿಗೆ ಸಾಟಿಯಿರಲಿಲ್ಲವೆಂದು ಅವರ ಕಂಪನಿಯವರೇ ಹೇಳುತ್ತಿದ್ದರು. ಮಾತು ಕಡಿಮೆ. ನಾಲ್ಕು ಜನರ ಮುಂದೆ ನಿಂತು ಎರಡು ವಾಕ್ಯ ಆಡಬೇಕೆಂದರೆ ಕುತ್ತಿಗೆಯೆಲ್ಲ ಕೆಂಪಾಗುತ್ತಿತ್ತು.

ಅವರ ಮಾತಿನ ಕೊರತೆಯನ್ನು ತುಂಬುತ್ತಿದ್ದವಳು ಹರ್ಷಿಣಿ. ಮೈಸೂರಿನವಳು, ಅನುಸೂಯಾಗಿಂತ ಆರು ವರ್ಷ ಚಿಕ್ಕವಳು. ದ ವುಡ್‌ಲ್ಯಾಂಡ್ಸ್‌ನಿಂದ ಮುಕ್ಕಾಲು ಗಂಟೆ ಡ್ರೈವ್ ಮಾಡಿಕೊಂಡು ಪ್ರತಿ ಶನಿವಾರ ತಪ್ಪದೆ ಬರುತ್ತಿದ್ದಳು. ಕನ್ನಡ ಸಂಘದ ಯಾವ ಕಾರ್ಯಕ್ರಮವಾದರೂ ಮೈಕು ಅವಳ ಕೈಯಲ್ಲೇ. ಅನುಸೂಯಾ ಅವರ ಗಂಡ ಬಸವರಾಜ್ ಅವರಿಗೆ ಹೃದಯದ ತೊಂದರೆಯಾಗಿ ಆಸ್ಪತ್ರೆಗೆ ಸೇರಿದಾಗ ಹನ್ನೊಂದು ದಿನ ಆ ಮನೆಯ ಅಡುಗೆ ನೋಡಿಕೊಂಡವಳು ಇವಳೇ. ಅಷ್ಟು ಹತ್ತಿರದ ಗೆಳತಿ. ಅದನ್ನು ಇಲ್ಲಿ ಹೇಳಲೇಬೇಕು. ಹೇಳದಿದ್ದರೆ ಮುಂದಿನದರ ನೋವು ತಿಳಿಯುವುದಿಲ್ಲ.

ಅನುಸೂಯಾ ಗೋಕಾಕದ ಕಡೆಯವರು, ಬಡಿಗೇರ ಮನೆತನ. ಅವರ ಮುತ್ತಜ್ಜ ಚನ್ನವೀರಪ್ಪ ಬಂಡಿಯ ಗಾಲಿ ಮಾಡುವುದರಲ್ಲಿ ಹೆಸರಾದವನು. ಬ್ರಿಟಿಷರ ಕಾಲದಲ್ಲಿ ಪುಣೆಯ ಬಳಿಯ ಖಡಕಿಗೆ ಹೋಗಿ, ಸೇತುವೆ ಕಟ್ಟುವ, ಕಂದಕ ತೋಡುವ ಪಡೆಗೆ ಸೇರಿಕೊಂಡ. ೧೯೧೪ರಲ್ಲಿ ಮೊದಲ ಮಹಾಯುದ್ಧಕ್ಕೆಂದು ಅವನನ್ನು ಹಡಗು ಹತ್ತಿಸಿದರು. ಆಮೇಲೆ ಬಂದದ್ದು ಸತ್ತನೆಂಬ ಒಂದು ಕಾಗದ ಮಾತ್ರ. ಆಗ ಅವನ ಮಗ ಕಲ್ಲಪ್ಪನಿಗೆ ಎರಡು ವರ್ಷ. ದೇಹ ನೋಡದೆ ನಂಬುವುದಿಲ್ಲವೆಂದು ಹೆಂಡತಿ ಇನ್ನೂ ಎರಡು ವರ್ಷ ಕುಂಕುಮ ಇಟ್ಟುಕೊಂಡೇ ಓಡಾಡಿದಳಂತೆ. ಎಲ್ಲಿ ಸತ್ತ ಎಂಬುದು ಯಾರಿಗೂ ತಿಳಿದಿರಲಿಲ್ಲ. "ಪರಾಸ ದೇಶದಾಗ" ಎನ್ನುತ್ತಿದ್ದರು ಮನೆಯವರು. ಆ ಪರಾಸ ಫ್ರಾನ್ಸ್ ಎಂದು ಅನುಸೂಯಾಗೆ ಹೊಳೆದದ್ದು ಅಮೆರಿಕಕ್ಕೆ ಬಂದು ಎಷ್ಟೋ ವರ್ಷಗಳಾದ ಮೇಲೆ.

ಕೋವಿಡ್ ಕಾಲದಲ್ಲಿ ನಿವೃತ್ತರಾಗಿ ಮನೆಯಲ್ಲಿ ಕೂತಾಗ ಅವರು ಮುತ್ತಜ್ಜನನ್ನು ಹುಡುಕತೊಡಗಿದರು. ಯುದ್ಧದಲ್ಲಿ ಸತ್ತವರ ದಾಖಲೆಗಳಲ್ಲಿ ಚನ್ನವೀರಪ್ಪ ಎಂಬ ಹೆಸರೇ ಇರಲಿಲ್ಲ. ಒಂದೂವರೆ ವರ್ಷದ ನಂತರ 'ಚುನ್ವೀರ್' ಎಂಬ ಹೆಸರು ಸಿಕ್ಕಿತು. ಊರಿನ ಹೆಸರೂ ತಿರುಚಿಹೋಗಿತ್ತು. ಬೆಳಗಾವಿ ಜಿಲ್ಲೆಯ ನೂರು ವರ್ಷ ಹಳೆಯ ತಾಲ್ಲೂಕು ನಕ್ಷೆ ತರಿಸಿ, ಅದರಲ್ಲಿ ಇಂಗ್ಲಿಷರು ತಮ್ಮ ಊರನ್ನು ಹೇಗೆ ಬರೆಯುತ್ತಿದ್ದರೆಂದು ನೋಡಿ ತಾಳೆ ಹಾಕಿದರು. ಅವನೇ. ೧೯೧೪ರ ಅಕ್ಟೋಬರ್ ಕೊನೆಯ ವಾರ, ಉತ್ತರ ಫ್ರಾನ್ಸಿನ ನವ್ ಶಪೆಲ್ ಎಂಬ ಹಳ್ಳಿಯಲ್ಲಿ ಸತ್ತಿದ್ದ. ಅಲ್ಲಿ ಭಾರತದ ಸೈನಿಕರಿಗಾಗಿ ಕಟ್ಟಿದ ಸ್ಮಾರಕವಿದೆ. ಮಣ್ಣು ಸಿಗದ ನಾಲ್ಕು ಸಾವಿರಕ್ಕೂ ಹೆಚ್ಚು ಜನರ ಹೆಸರು ಅದರ ಗೋಡೆಯ ಮೇಲಿದೆ.

ಅನುಸೂಯಾ ಮೊದಲು ಫೋನ್ ಮಾಡಿದ್ದು ಗಂಡನಿಗಲ್ಲ, ಆಸ್ಟಿನ್‌ನಲ್ಲಿದ್ದ ಮಗಳು ಸಂಹಿತಾಳಿಗೂ ಅಲ್ಲ. ಹರ್ಷಿಣಿಗೆ.

"ಸಿಕ್ಕಾನ ಹರ್ಷಿಣಿ, ನಮ್ಮ ಅಜ್ಜ ಸಿಕ್ಕ!"

"ಹೋಗೋಣ ಕಣೇ," ಎಂದಳು ಹರ್ಷಿಣಿ ತಡಮಾಡದೆ. "ನಾವಿಬ್ಬರೂ ನಡ್ಕೊಂಡು ಹೋಗೋಣ."

ಆ ಸೀಮೆ ಹ್ಯೂಸ್ಟನ್ನಿನಷ್ಟೇ ಮಟ್ಟಸ. ಬೀಟ್‌ರೂಟು, ಆಲೂಗಡ್ಡೆಯ ಹೊಲಗಳು, ಬಸಿಗಾಲುವೆಗಳು, ಸಾಲಾಗಿ ನಿಂತ ಪಾಪ್ಲರ್ ಮರಗಳು, ಇಟ್ಟಿಗೆಯ ಮನೆಗಳು. ಯುದ್ಧಕಾಲದ ಕಂದಕ ನಕ್ಷೆಗಳನ್ನು ಇಂದಿನ ಉಪಗ್ರಹ ಚಿತ್ರಗಳ ಮೇಲಿಟ್ಟು ಅನುಸೂಯಾ ನಾಲ್ಕು ದಿನಗಳ ದಾರಿಯೊಂದನ್ನು ಗುರುತಿಸಿದರು. ಬೆಥುನ್ ಪಟ್ಟಣದಿಂದ ಕಾಲುವೆಯ ದಂಡೆ ಹಿಡಿದು ಫೆಸ್ಟುಬೆರ್, ಅಲ್ಲಿಂದ ರಿಶ್‌ಬೂರ್, ಕೊನೆಗೆ ನವ್ ಶಪೆಲ್. ದಿನಕ್ಕೆ ಎಂಟು ಕಿಲೋಮೀಟರ್. ಮೊಣಕಾಲು ನೋವಿನವರೂ ನಡೆಯಬಹುದು. ಎಲ್ಲಿ ತಿರುಗಬೇಕು, ಎಲ್ಲಿ ಕೂರಲು ಬೆಂಚಿದೆ, ಯಾವ ಹೊಲದಲ್ಲಿ ಅಂದಿನ ಸೈನಿಕರು ಅಡಗುತ್ತಿದ್ದ ಕಾಂಕ್ರೀಟ್ ಗೂಡು ಇನ್ನೂ ನಿಂತಿದೆ ಎಂಬುದನ್ನೆಲ್ಲ ಕನ್ನಡದಲ್ಲಿ ಬರೆದು ನಲವತ್ತು ಪುಟ ಮಾಡಿದರು. ಒಂದು ಪ್ರತಿ ತಮಗೆ, ಒಂದು ಹರ್ಷಿಣಿಗೆ.

೨೦೨೩ರ ಸೆಪ್ಟೆಂಬರಿನಲ್ಲಿ ಇಬ್ಬರೂ ಹೊರಟರು. ಬಸವರಾಜ್ ಬರಲಿಲ್ಲ. "ನಡಿಯಾಕ ಅಷ್ಟು ದೂರ ಯಾಕ? ಇಲ್ಲೇನು ನೆಲ ಇಲ್ಲೇನು?" ಎಂದು ಟೀವಿಯ ಮುಂದೆ ಉಳಿದರು.

ಆ ನಾಲ್ಕು ದಿನಗಳನ್ನು ಅನುಸೂಯಾ ನನಗೆ ಎಷ್ಟೋ ಸಲ ವರ್ಣಿಸಿದ್ದಾರೆ. ರೈತರು ಉಳುವಾಗ ಸಿಕ್ಕ ತುಕ್ಕು ಹಿಡಿದ ಫಿರಂಗಿ ಗುಂಡುಗಳನ್ನು ಇಂದಿಗೂ ರಸ್ತೆ ಬದಿಯಲ್ಲಿ ಇಟ್ಟಿರುತ್ತಾರೆ, ಸೈನ್ಯದವರು ಬಂದು ಒಯ್ಯುತ್ತಾರೆ. ಅಂಥದೊಂದನ್ನು ನೋಡಿ ಅವರು ಹತ್ತು ನಿಮಿಷ ಅಲ್ಲೇ ನಿಂತುಬಿಟ್ಟರಂತೆ. ಸ್ಮಾರಕ ಎರಡು ರಸ್ತೆ ಕೂಡುವ ಕಡೆ ಇದೆ. ದುಂಡಗಿನ ಬಿಳಿ ಗೋಡೆ, ನಡುವೆ ಎತ್ತರದ ಕಂಬ, ಕಂಬದ ಬುಡದ ಎರಡೂ ಕಡೆ ಕಲ್ಲಿನ ಹುಲಿಗಳು. ಗೋಡೆಯ ಮೇಲೆ ಹೆಸರು ಸಿಕ್ಕಾಗ ಅವರಿಗೆ ಅಳು ಬರಲಿಲ್ಲ. ಅಕ್ಷರಗಳ ಮೇಲೆ ಬೆರಳಿಟ್ಟು, "ಅಜ್ಜಾ, ನಿಮ್ಮ ಮಗ ಕಲ್ಲಪ್ಪ ದೊಡ್ಡವ ಆದನ್ರಿ. ಅವನೂ ಗಾಲಿ ಮಾಡಿದನ್ರಿ. ಎಂಬತ್ತೊಂದು ವರ್ಷ ಬದುಕಿದನ್ರಿ," ಎಂದು ಜೋರಾಗಿ ವರದಿ ಒಪ್ಪಿಸಿದರಂತೆ. ಆಮೇಲೆ ಹುಲ್ಲಿನ ಮೇಲೆ ಕೂತಾಗ ಅಳು ಬಂತು. ಹರ್ಷಿಣಿ ಅವರ ಬೆನ್ನು ಸವರಿದಳು. ಆಮೇಲೆ ಗೋಡೆಯ ಮುಂದೆ ನಿಲ್ಲಿಸಿ ಫೋಟೋ ತೆಗೆದಳು. ಹೆಸರು ಸರಿಯಾಗಿ ಕಾಣಲೆಂದು ಅನುಸೂಯಾರನ್ನು ಸ್ವಲ್ಪ ಪಕ್ಕಕ್ಕೆ ಸರಿಯಲು ಹೇಳಿ ಇನ್ನೊಂದು ತೆಗೆದಳು.

ಮರುವರ್ಷ ನವೆಂಬರಿನಲ್ಲಿ ಡಾಲಸ್ ಕಡೆಯ ಕನ್ನಡಿಗರು ಒಂದು ಸಮಾರಂಭ ಇಟ್ಟುಕೊಂಡರು. ನಡಿಗೆಯ ಬಗ್ಗೆ ಹರ್ಷಿಣಿ ಮಾತಾಡುತ್ತಾಳೆಂದು ಆಹ್ವಾನ ಪತ್ರದಲ್ಲಿತ್ತು. "ಚಿಕ್ಕ ಭಾಷಣ ಕಣೇ, ಅದಕ್ಕಾಗಿ ನಾಲ್ಕು ಗಂಟೆ ಡ್ರೈವ್ ಮಾಡಬೇಡ," ಎಂದು ಅವಳು ಹೇಳಿದ್ದಳು. ಹೇಳದೆ ಹೋಗಿ ಅವಳಿಗೆ ಸಂತೋಷ ಕೊಡೋಣವೆಂದು ಅನುಸೂಯಾ ಅವರೇ ನಮ್ಮನ್ನು ಹೊರಡಿಸಿದರು. ಬಸವರಾಜ್, ಅನುಸೂಯಾ, ನಾನು ಮೂವರೇ. ದಾರಿಯುದ್ದಕ್ಕೂ ಅವರ ತೊಡೆಯ ಮೇಲೆ ಹರ್ಷಿಣಿಗೆಂದು ಕಟ್ಟಿಕೊಂಡ ಶೇಂಗಾ ಹೋಳಿಗೆಯ ಡಬ್ಬಿ.

ಡಾಲಸ್ ಪಕ್ಕದ ಫ್ಲವರ್ ಮೌಂಡ್‌ನ ಶಾಲೆಯೊಂದರ ಸಭಾಂಗಣ. ನಾವು ತಲುಪುವಷ್ಟರಲ್ಲಿ ದೀಪ ಆರಿಸಿ ಭಾಷಣ ಶುರುವಾಗಿತ್ತು. ಹಿಂದಿನ ಸಾಲಿನಲ್ಲಿ ಕೂತೆವು. ತೆರೆಯ ಮೇಲೆ ಗೋಡೆಯ ಹೆಸರು ದೊಡ್ಡದಾಗಿ ಮೂಡಿತು. ಅದರ ಅಂಚಿನಲ್ಲಿ ನೇರಳೆ ಸ್ವೆಟರಿನ ತೋಳಿನ ತುಂಡೊಂದು ಕಾಣುತ್ತಿತ್ತು. ಅನುಸೂಯಾ ನನ್ನ ಕೈ ಹಿಂಡಿ, "ಅದು ನಂದು," ಎಂದು ಪಿಸುಗುಟ್ಟಿ ನಕ್ಕರು.

ವೇದಿಕೆಯ ಮೇಲೆ ಹರ್ಷಿಣಿ ಗೋಡೆಯ ಕಡೆ ಕೈ ತೋರಿಸಿದಳು. "ಇವನು ನನ್ನ ಮುತ್ತಜ್ಜ. ಚನ್ನವೀರಪ್ಪ. ಬಂಡಿ ಗಾಲಿ ಮಾಡ್ತಿದ್ದವನು. ಅವನ ಹೆಂಡತಿ, ನನ್ನ ಮುತ್ತಜ್ಜಿ, ಎರಡು ವರ್ಷ ಕುಂಕುಮ ಅಳಿಸಲಿಲ್ಲ. ನಮ್ಮ ಮನೇಲಿ ಪರಾಸ ದೇಶ ಅಂತಿದ್ರು..."

ನನ್ನ ಕೈ ಹಿಡಿದಿದ್ದ ಕೈ ಮೆಲ್ಲಗೆ ಸಡಿಲಾಯಿತು.

ಇಪ್ಪತ್ತು ನಿಮಿಷ ಅವಳು ಮಾತಾಡಿದಳು. ಚೆನ್ನಾಗಿಯೇ ಮಾತಾಡಿದಳು. ನನ್ನ ಮುಂದಿನ ಸಾಲಿನಲ್ಲಿ ಒಬ್ಬರು ಕಣ್ಣೊರೆಸಿಕೊಂಡರು. ಹೆಸರಿನ ಮೇಲೆ ಬೆರಳಿಟ್ಟು, "ಅಜ್ಜಾ, ನಿಮ್ಮ ಮಗ ದೊಡ್ಡವನಾದ," ಎಂದು ತಾನು ಹೇಳಿದೆನೆಂದೂ ಹೇಳಿದಳು. ಕೊನೆಗೆ, ಮುಂದಿನ ವರ್ಷ ಆಸಕ್ತರನ್ನು ಅದೇ ದಾರಿಯಲ್ಲಿ ಕರೆದೊಯ್ಯುವುದಾಗಿ ಪ್ರಕಟಿಸಿದಳು. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಭ್ಯಾಸ ಬಲದಿಂದ ನಾನೂ ನಾಲ್ಕಾರು ಸಲ ತಟ್ಟಿ, ಆಮೇಲೆ ನಿಲ್ಲಿಸಿದೆ. ಅದನ್ನು ಅನುಸೂಯಾ ನೋಡಿದರು. ಅವರು ಇದುವರೆಗೆ ಆ ಮಾತೆತ್ತಿಲ್ಲ. ನಾನೇ ಎತ್ತುತ್ತಿದ್ದೇನೆ.

ಪ್ರಶ್ನೆಗಳಿದ್ದರೆ ಕೇಳಬಹುದು ಎಂದಾಗ ಅನುಸೂಯಾ ಎದ್ದು ನಿಂತರು. ತೆರೆಯ ಬೆಳಕಿನಲ್ಲೂ ಅವರ ಕುತ್ತಿಗೆ ಕೆಂಪಗಾದದ್ದು ಕಾಣುತ್ತಿತ್ತು. "ಅವರ ಊರು ಯಾವುದು?" ಎಂದಷ್ಟೇ ಕೇಳಿದರು.

ಕತ್ತಲಲ್ಲೂ ಹರ್ಷಿಣಿಗೆ ದನಿ ಗುರುತು ಸಿಕ್ಕಿರಬೇಕು. "ಗೋಕಾಕದ ಕಡೆ," ಎಂದು ಹೇಳಿ, ಬೇರೆ ಕಡೆ ಕೈ ಎತ್ತಿದವರತ್ತ ತಿರುಗಿದಳು. ಅನುಸೂಯಾ ಕೂತರು.

ಹೊರಗೆ ಪಾರ್ಕಿಂಗಿನಲ್ಲಿ ಅವಳು ನಮ್ಮನ್ನು ಅಟ್ಟಿಸಿಕೊಂಡು ಬಂದಳು.

"ಅನೂ, ಒಂದು ನಿಮಿಷ ಕೇಳು. ಮೊದಲನೇ ಸಲ ಆಸ್ಟಿನ್‌ನಲ್ಲಿ ಮಾತಾಡೋವಾಗ 'ನಮ್ಮಜ್ಜ' ಅಂದೆ, ಬಾಯಿಮಾತಿಗೆ. ನೀನೂ ಹಾಗೇ ತಾನೆ ಹೇಳ್ತಿದ್ದಿದ್ದು? ಅವರೆಲ್ಲ ನನ್ನ ಸ್ವಂತ ಅಜ್ಜ ಅಂದ್ಕೊಂಡುಬಿಟ್ರು. ಒಬ್ಬರು ಅತ್ತುಬಿಟ್ರು ಕಣೇ. ಅವರ ಮುಖ ನೋಡಿ ಅಲ್ಲ ಅನ್ನೋಕೆ ಆಗ್ಲಿಲ್ಲ."

"ಎಷ್ಟು ಸಲ ಹೇಳೀದಿ?"

"ಇದು... ನಾಲ್ಕನೇದು."

"ನಾಕು ಊರಾಗ."

"ನೀನು ಯಾವತ್ತಾದ್ರೂ ಸ್ಟೇಜ್ ಹತ್ತುತಿದ್ಯಾ ಹೇಳು? ನೂರು ವರ್ಷ ಅವನ ಹೆಸರು ಯಾರಿಗೂ ಗೊತ್ತಿರಲಿಲ್ಲ. ಇವತ್ತು ಇಷ್ಟು ಜನಕ್ಕೆ ಗೊತ್ತು. ನಮ್ಮ ಮನೇಲಿ ಎಲ್ಲರೂ ಗುಮಾಸ್ತರು. ಹೇಳ್ಕೊಳ್ಳೋಕೆ ನನಗೆ ಯಾರೂ ಇಲ್ಲ ಅನೂ."

ಅನುಸೂಯಾ ಕಾರಿನ ಬಾಗಿಲು ತೆರೆದರು. "ಕೇಳಿದ್ದರ ಕೊಡ್ತಿದ್ನಲ್ಲ," ಎಂದರು. "ನಮ್ಮಜ್ಜ, ನಿನಗೂ ಅಜ್ಜ ಅಂತ ನಾನs ಹೇಳ್ತಿದ್ದೆ. ನನ್ನ ಬಿಟ್ಟು ಹೇಳಿದ್ಯಲ್ಲ." ಅಷ್ಟು ಹೇಳಿ ಕಾರಿನಲ್ಲಿ ಕೂತರು. ಹೋಳಿಗೆ ಡಬ್ಬಿ ಹ್ಯೂಸ್ಟನ್ನಿಗೆ ಹಿಂತಿರುಗಿತು. ಆ ವಾರ ಬಸವರಾಜ್ ಒಬ್ಬರೇ ಅದನ್ನು ತಿಂದು ಮುಗಿಸಿದರು. ಅವರಿಗೆ ಹೆಂಡತಿಯನ್ನು ಸಮಾಧಾನ ಮಾಡುವುದು ಹೇಗೆಂದು ತಿಳಿದಿರಲಿಲ್ಲ.

ಭಾಷಣದ ವಿಡಿಯೋ ಊರೂರು ಸುತ್ತಿ ಕೊನೆಗೆ ಗೋಕಾಕದ ಹಳ್ಳಿಗೂ ಹೋಯಿತು. ಅನುಸೂಯಾ ಅವರ ಚಿಕ್ಕಪ್ಪ, ದೊಡ್ಡಣ್ಣ ಎಂಬ ಹೆಸರಿನ ಎಂಬತ್ತನಾಲ್ಕು ವರ್ಷದವರು, ಫೋನ್ ಮಾಡಿದರು.

"ಅನಸವ್ವಾ, ಈಕಿ ಯಾರ ಮಗಳವಾ? ನಮ್ಮ ಮುತ್ಯಾಗ ಇನ್ನೊಂದು ಮನಿ ಇತ್ತೇನು?"

"ಇಲ್ಲ ಕಾಕಾ."

"ಮತ್ತ ನಮ್ಮ ಕುಂಕುಮದ ಕತಿ ಹೇಳ್ತಾಳಲ್ಲ. ಅದು ಮನಿಯವರಿಗಷ್ಟs ಗೊತ್ತಿದ್ದ ಮಾತು. ಯಾರು ಹೇಳಿದರು ಆಕಿಗೆ?"

"ನಾನs ಹೇಳಿದ್ದೆ ಕಾಕಾ."

ಚಿಕ್ಕಪ್ಪ ಅಷ್ಟಕ್ಕೇ ಫೋನ್ ಇಟ್ಟುಬಿಟ್ಟರು. ಬೈದಿದ್ದರೆ ಚೆನ್ನಾಗಿತ್ತು ಎಂದು ಅನುಸೂಯಾ ನನಗೆ ಹೇಳಿದರು.

ನಾನು ಡಾಲಸ್‌ನ ಆ ಸಮಾರಂಭದವರಿಗೆ ಒಂದು ಮೇಲ್ ಬರೆದೆ. ಸೌಜನ್ಯದ ಉತ್ತರ ಬಂತು. ಇಬ್ಬರಿಗೂ ದೂರದ ಸಂಬಂಧ ಇರಬಹುದಲ್ಲವೇ, ಹಿರಿಯರ ಹೆಸರಿನಲ್ಲಿ ವಿವಾದ ಬೇಡ, ಅನುಸೂಯಾ ಆಂಟಿಯ ಬಳಿ ದಾಖಲೆಗಳಿದ್ದರೆ ಕಳಿಸಲಿ ಎಂದು. ಅದನ್ನು ಪ್ರಿಂಟ್ ಮಾಡಿ ತೋರಿಸಿದಾಗ ಅನುಸೂಯಾ, "ನನ್ನ ಅಜ್ಜ ನನ್ನವ ಅಂತ ನಾನು ಅರ್ಜಿ ಹಾಕಬೇಕೇನ್ರಿ?" ಎಂದು ಕಾಗದವನ್ನು ಮಡಚಿ ನನ್ನ ಕೈಗೇ ಕೊಟ್ಟರು. ಶನಿವಾರದ ನಡಿಗೆಗೆ ಬರುವುದನ್ನು ನಿಲ್ಲಿಸಿದರು. ಹರ್ಷಿಣಿಯೂ ಬರಲಿಲ್ಲ. ಮುಂದೆ ನಡೆಯುವವರಿಲ್ಲದೆ ಗುಂಪು ಚದುರಿತು.

ಅಮ್ಮ ಬಡವಾಗುತ್ತಿರುವುದನ್ನು ಕಂಡು ಸಂಹಿತಾ ಏಪ್ರಿಲ್‌ನಲ್ಲಿ ರಜೆ ಹಾಕಿ ಅವರನ್ನು ಮತ್ತೆ ಫ್ರಾನ್ಸಿಗೆ ಕರೆದೊಯ್ದಳು. ಈ ಸಲ ಒಂದೇ ದಿನದ ನಡಿಗೆ, ರಿಶ್‌ಬೂರ್‌ನಿಂದ ಸ್ಮಾರಕದವರೆಗೆ. ಎಲೆಕೋಸಿನ ಬಣ್ಣದ ಗೋಧಿ ಪೈರು ಮೊಣಕಾಲುದ್ದ ಬೆಳೆದಿತ್ತಂತೆ. ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಲ್ಲಿ ಬರುವುದು ಇಂಗ್ಲಿಷು. ಅಮ್ಮ ಕನ್ನಡದಲ್ಲಿ ಹೇಳುತ್ತ, ಮಗಳು ಇಂಗ್ಲಿಷಿನಲ್ಲಿ ಕೇಳುತ್ತ ಇಬ್ಬರೂ ಗೋಡೆಯ ಹತ್ತಿರ ಬಂದರು.

ಸ್ಮಾರಕದ ಬಾಗಿಲ ಬಳಿ ಗೋಡೆಯಲ್ಲಿ ಸಣ್ಣ ಕಂಚಿನ ಕದವಿದೆ. ಅದರೊಳಗೆ ಬಂದುಹೋದವರು ಹೆಸರು ಬರೆಯುವ ಪುಸ್ತಕ. ಅಲ್ಲಿಗೆ ಬರುವವರು ಕಡಿಮೆ, ಒಂದು ಪುಸ್ತಕ ತುಂಬಲು ವರ್ಷಗಳೇ ಹಿಡಿಯುತ್ತವೆ. ಸಂಹಿತಾ ಹಿಂದಿನ ಪುಟಗಳನ್ನು ತಿರುವುತ್ತಿದ್ದವಳು ಒಂದು ಕಡೆ ನಿಂತಳು. ೨೦೨೩ರ ಸೆಪ್ಟೆಂಬರ್, ಅದೇ ದಿನಾಂಕ. ಹರ್ಷಿಣಿಯ ದುಂಡು ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ, ಎರಡು ಸಾಲು. "ಚನ್ನವೀರಪ್ಪನನ್ನು ಕಾಣಲು ಟೆಕ್ಸಸ್‌ನಿಂದ ಬಂದ ಮರಿಮೊಮ್ಮಗಳು" ಎಂದು. ಕೆಳಗೆ ಅವಳ ಒಬ್ಬಳದೇ ಸಹಿ.

ಆಸ್ಟಿನ್‌ನಲ್ಲಿ ಬಾಯಿ ತಪ್ಪಿ ಬಂದದ್ದಲ್ಲ. ಅನುಸೂಯಾ ಹುಲ್ಲಿನ ಮೇಲೆ ಕೂತು ಅಳುತ್ತಿದ್ದಾಗ, ಹತ್ತು ಹೆಜ್ಜೆ ಆಚೆ, ಅವಳು ಇದನ್ನು ಬರೆದು ಕದ ಮುಚ್ಚಿ ಬಂದು ಅವರ ಬೆನ್ನು ಸವರಿದ್ದಳು.

ಸಂಹಿತಾ ಸಿಟ್ಟಿನಿಂದ ಪೆನ್ನು ತೆಗೆದಳು, ಹೊಡೆದುಹಾಕಲು. ಅನುಸೂಯಾ ಅವಳ ಮಣಿಕಟ್ಟು ಹಿಡಿದರು. "ಬ್ಯಾಡ. ಸತ್ತವರ ಪುಸ್ತಕದಾಗ ಕಾಟು ಹೊಡೀಬಾರದು." ಕೊನೆಯ ಪುಟಕ್ಕೆ ಹೋಗಿ ತಾವೇ ಕನ್ನಡದಲ್ಲಿ ಬರೆಯತೊಡಗಿದರು. ಬಡಿಗೇರ ಚನ್ನವೀರಪ್ಪ, ಅವರ ಮಗ ಕಲ್ಲಪ್ಪ, ಕಲ್ಲಪ್ಪನ ಮಗ ಮೌನೇಶ, ಮೌನೇಶನ ಮಗಳು... ಅಲ್ಲಿಗೆ ಕೈ ನಿಂತಿತು.

"ಸುಳ್ಳು ಬರ್ಯಾಕತ್ತೀನೇನೋ ಅನಸ್ತು," ಎಂದು ನನಗೆ ಹೇಳಿದರು, ವಾಪಸು ಬಂದ ಮೇಲೆ. "ಅಕಿ ಬರದದ್ದು ಎಷ್ಟು ಚಂದ ಇತ್ತಂದ್ರ, ನಂದs ನಕಲು ಅನಸ್ತು. ಅಜ್ಜನ್ನ ಕದ್ದದ್ದು ಹೋಗ್ಲಿ. ಅಜ್ಜನ ಮುಂದ ನಿಂತ ನನ್ನನ್ನೂ ಕದ್ದಳು." ಹೆಸರು ಬರೆದರೋ ಇಲ್ಲವೋ ನಾನು ಕೇಳಲಿಲ್ಲ. ಬರೆದರು ಎಂದು ಸಂಹಿತಾ ಆಮೇಲೆ ಹೇಳಿದಳು. ತೀರಾ ಸಣ್ಣ ಅಕ್ಷರದಲ್ಲಿ.

ಬೇಸಗೆ ಕಳೆದ ಮೇಲೆ ನಾನೇ ಒತ್ತಾಯ ಮಾಡಿ ಅವರನ್ನು ಮತ್ತೆ ನಡಿಗೆಗೆ ಎಳೆದೆ. ಹಳ್ಳದ ದಂಡೆಯ ಹಾದಿ ಬೇಡವೆಂದರು. ಕೇಟಿ ಎಂಬ ಊರಿನ ಆಚೆಯ ಬಯಲಿನಲ್ಲಿ, ಭತ್ತದ ಗದ್ದೆಗಳ ಪಕ್ಕ, ನಾವಿಬ್ಬರೇ. ಒಮ್ಮೊಮ್ಮೆ ಬಸವರಾಜ್ ಬರುತ್ತಾರೆ, ಅರ್ಧ ಮೈಲಿಗೇ ಕಾರಿನತ್ತ ತಿರುಗುತ್ತಾರೆ.

ಅಕ್ಟೋಬರಿನ ಒಂದು ಶನಿವಾರ ಬೆಳಿಗ್ಗೆ ಎಂಟರ ಸುಮಾರಿಗೆ ಅನುಸೂಯಾ ಅವರ ಫೋನ್ ರಿಂಗಾಯಿತು. ಹರ್ಷಿಣಿ. ಹನ್ನೊಂದು ತಿಂಗಳಲ್ಲಿ ಮೊದಲ ಸಲ. ಒಂದು ಕೈಯಲ್ಲಿ ನೀರಿನ ಬಾಟಲಿ ಇದ್ದದ್ದರಿಂದ ಅವರು ಸ್ಪೀಕರ್ ಒತ್ತಿದರು. ಗಾಳಿಯ ಸದ್ದು, ಮಳೆಯ ಸದ್ದು, ಹಿಂದೆ ಯಾರೋ ಕೆಮ್ಮುತ್ತಿದ್ದರು.

"ಅನೂ, ಫೋನ್ ಇಡಬೇಡ, ಪ್ಲೀಸ್. ಫೆಸ್ಟುಬೆರ್ ದಾಟಿ ಬಂದಿದೀವಿ. ನಿನ್ನ ಪುಸ್ತಕದಲ್ಲಿರೋ, ಕಾಲುವೆ ದಾಟೋ ಕಾಲುಸಂಕ ಇಲ್ಲಿಲ್ಲ, ಕಿತ್ತುಹಾಕಿದಾರೆ. ಹದಿನಾಲ್ಕು ಜನ ಇದೀವಿ, ಇಬ್ಬರಿಗೆ ಎಪ್ಪತ್ತು ದಾಟಿದೆ. ಮಳೆ ಜೋರಾಗಿದೆ. ಫೋನಿನ ಮ್ಯಾಪ್ ಹೆದ್ದಾರಿ ಕಡೆ ತೋರಿಸ್ತಿದೆ. ಎತ್ತ ಹೋಗ್ಬೇಕು ಹೇಳು."

ಇಡುತ್ತಾರೆ ಎಂದುಕೊಂಡೆ. ನಾನಾಗಿದ್ದರೆ ಇಡುತ್ತಿದ್ದೆ. ಅನುಸೂಯಾ ಕಣ್ಣು ಮುಚ್ಚಿ ನಿಂತರು. ಆ ಹೊಲ, ಆ ಕಾಲುವೆ ಅವರ ತಲೆಯಲ್ಲಿ ಗೆರೆ ಗೆರೆಯಾಗಿ ಇತ್ತು.

"ಹಿಂದs ಕೆಂಪು ಛಾವಣಿ ಮನಿ ಕಂಡಿತ್ತೇನು?"

"ಹೂಂ, ಐದು ನಿಮಿಷದ ಹಿಂದೆ."

"ಅಲ್ಲಿಗೆ ತಿರುಗಿ ಹೋಗ್ರಿ. ಮನಿ ಹಿಂದ ಟ್ರ್ಯಾಕ್ಟರ್ ಹಾದಿ ಐತಿ. ಅರ್ಧ ಕಿಲೋಮೀಟರ್ ನಡದರ ಚರ್ಚ್ ಬರ್ತೈತಿ. ಚರ್ಚಿನಾಗ ಕೂತು ಟ್ಯಾಕ್ಸಿ ಕರೀರಿ. ವಯಸ್ಸಾದವರನ್ನ ಇವತ್ತು ನಡಸಬ್ಯಾಡ."

"ದೇವರಂಗೆ ಬಂದೆ ಕಣೇ. ನಿನಗೆ ಹೇಗೆ ಥ್ಯಾಂಕ್ಸ್..."

"ಹರ್ಷಿಣಿ, ನಾ ಆ ಪುಸ್ತಕ ನೋಡೀನಿ. ಗ್ವಾಡ್ಯಾಗಿಂದು. ನೀ ಬರದದ್ದು."

ಆ ಕಡೆ ಹರ್ಷಿಣಿ ಗುಂಪಿನವರನ್ನು ಹಿಂದಕ್ಕೆ ತಿರುಗಲು ಹೇಳಿದ್ದು ಕೇಳಿಸಿತು.

"ಚರ್ಚ್ ರಸ್ತೆಯ ಎಡಕ್ಕೋ, ಬಲಕ್ಕೋ?"

"ಬಲಕ್ಕ," ಎಂದು ಹೇಳಿ ಅನುಸೂಯಾ ಫೋನ್ ಇಟ್ಟರು.

ಆ ಹದಿನಾಲ್ಕು ಜನ ಸುರಕ್ಷಿತವಾಗಿ ಹಿಂತಿರುಗಿದರೆಂದು ನಂತರ ತಿಳಿಯಿತು. ಪ್ರವಾಸ ಬಹಳ ಚೆನ್ನಾಗಿತ್ತೆಂದೂ, ಹರ್ಷಿಣಿಗೆ ಅಲ್ಲಿಯ ಒಂದೊಂದು ಹೊಲವೂ ಗೊತ್ತೆಂದೂ ಅವರಲ್ಲೊಬ್ಬರು ಬರೆದಿದ್ದಾರೆ. ಅನುಸೂಯಾ ಅದನ್ನು ಓದಿಲ್ಲ. ನಾನು ತೋರಿಸಿಲ್ಲ. ಆ ದಿನ ಅವರು ಎರಡು ಗುಟುಕು ನೀರು ಕುಡಿದು, ಬಾಟಲಿಯ ಮುಚ್ಚಳ ತಿರುಗಿಸಿ, "ನಡೀರಿ, ಬಿಸಿಲು ಏರತೈತಿ," ಎಂದು ನನಗಿಂತ ಮುಂದೆ ಹೊರಟರು.